ಬಿಲ್ಡ್ ಮುರಿದಾಗ ಮಾತ್ರ ಕೂಗುವ ಬಾಟ್

ಮುಕ್ತ ತಂತ್ರಾಂಶದ ಪ್ರಾಜೆಕ್ಟ್‌ಗಳಲ್ಲಿ ಬಹುತೇಕರು ಕೆಲಸ ಮಾಡುವುದು ಬಿಡುವಿನ ವೇಳೆಯಲ್ಲಿ. ಹುಬ್ಬಳ್ಳಿಯಲ್ಲಿ ಒಬ್ಬರು ರಾತ್ರಿ ಹನ್ನೊಂದಕ್ಕೆ ಕೋಡ್ ಸೇರಿಸಿ ಮಲಗುತ್ತಾರೆ. ಅದರಿಂದ ಬಿಲ್ಡ್ ಮುರಿದಿದ್ದರೆ, ಮಾರನೆಯ ದಿನ ಜರ್ಮನಿಯಲ್ಲಿ ಇನ್ಯಾರೋ ಕೋಡ್ ಇಳಿಸಿಕೊಂಡು ತಲೆ ಕೆರೆದುಕೊಳ್ಳುವವರೆಗೆ ಯಾರಿಗೂ ಸುದ್ದಿಯಿಲ್ಲ. ಇದು ಹಳೆಯ ತಲೆನೋವು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ, ತಾನು ಬಿಲ್ಡ್ ಮುರಿದದ್ದು ಸಹೋದ್ಯೋಗಿಗಳಿಗಿಂತ ಮೊದಲು ತನಗೇ ತಿಳಿಯಲಿ ಎಂದು 'ಹಡ್ಸನ್' ಎಂಬ ತಂತ್ರಾಂಶ ಬರೆದರು. 2011ರಲ್ಲಿ ಅದರ ಹೆಸರು 'ಜೆಂಕಿನ್ಸ್' ಆಯಿತು.

ಈಗ ಬಿಲ್ಡ್ ಮೇಲೆ ಹೀಗೆ ಕಣ್ಣಿಡಲು ಸ್ವಂತ ಸರ್ವರ್ ಬೇಕಿಲ್ಲ. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ರೆಪೊಸಿಟರಿಗಳಿಗೆ 'ಆ್ಯಕ್ಷನ್ಸ್' ಸೌಲಭ್ಯದ ಸಾಮಾನ್ಯ ಯಂತ್ರಗಳು ಉಚಿತ. ಬಿಲ್ಡ್ ಆಗಲೇ ಅಲ್ಲಿ ನಡೆಯುತ್ತಿದೆ, ಅದರ ಸುದ್ದಿ ತಂಡದ ಟೆಲಿಗ್ರಾಮ್ ಗುಂಪಿಗೆ ತಲುಪಬೇಕು ಎಂದಿಟ್ಟುಕೊಳ್ಳೋಣ.

ಶುರುಮಾಡುವ ಮೊದಲು ಒಂದು ನಿರ್ಧಾರ. ಪ್ರತಿ ಬಿಲ್ಡ್‌ಗೂ 'ಯಶಸ್ವಿ' ಎಂದು ಕೂಗುವ ಬಾಟ್ ಇಟ್ಟರೆ, ಕೆಲವೇ ದಿನಗಳಲ್ಲಿ ಎಲ್ಲರೂ ಗುಂಪನ್ನು ಮ್ಯೂಟ್ ಮಾಡುತ್ತಾರೆ. ಆಮೇಲೆ ನಿಜವಾದ ತೊಂದರೆಯೂ ಯಾರ ಕಣ್ಣಿಗೂ ಬೀಳದು. ಸಂದೇಶ ಬರಬೇಕಾದದ್ದು ಸ್ಥಿತಿ ಬದಲಾದಾಗ ಮಾತ್ರ: ಸರಿಯಿದ್ದದ್ದು ಮುರಿದಾಗ ಒಮ್ಮೆ, ಮುರಿದದ್ದು ಸರಿಯಾದಾಗ ಇನ್ನೊಮ್ಮೆ. ಉಳಿದದ್ದಕ್ಕೆ ರೀಡ್‌ಮಿ ಕಡತದ ತಲೆಯಲ್ಲಿ ಹಸಿರು-ಕೆಂಪು ಬ್ಯಾಡ್ಜ್ ಸಾಕು.

ಮೇಲ್ ಆಗಲೇ ಬರುತ್ತಿರುತ್ತದೆ

ಬಿಲ್ಡ್‌ಗೆ ಚಾಲನೆ ಕೊಟ್ಟವರಿಗೆ ಗಿಟ್‌ಹಬ್ ತಾನಾಗಿಯೇ ಸುದ್ದಿ ಕಳಿಸಬಲ್ಲದು. ನಿಮ್ಮ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಪುಟಕ್ಕೆ ಹೋಗಿ, ಆ್ಯಕ್ಷನ್ಸ್ ವಿಭಾಗದಲ್ಲಿ 'ವಿಫಲವಾದಾಗ ಮಾತ್ರ' ಎಂಬ ಆಯ್ಕೆಗೆ ಟಿಕ್ ಹಾಕಿ. ಒಬ್ಬರೇ ನಡೆಸುವ ಪ್ರಾಜೆಕ್ಟ್‌ಗೆ ಇಷ್ಟೇ ಸಾಕು, ಮುಂದೆ ಓದಬೇಕಿಲ್ಲ. ತಂಡವಿದ್ದರೆ ಸಾಲದು: ಆ ಮೇಲ್ ಒಬ್ಬರಿಗಷ್ಟೇ ಹೋಗುತ್ತದೆ. ದಿನವೂ ನಿಗದಿತ ಹೊತ್ತಿಗೆ ನಡೆಯುವ ಬಿಲ್ಡ್ ಆದರೆ, ವೇಳೆ ಸೂಚಿಸುವ ಸಾಲನ್ನು ಕೊನೆಯ ಬಾರಿ ತಿದ್ದಿದವರಿಗೆ ಹೋಗುತ್ತದೆ. ಅವರು ಪ್ರಾಜೆಕ್ಟ್ ಬಿಟ್ಟು ವರ್ಷವಾಗಿರಲೂಬಹುದು.

ಬಾಟ್ ತಯಾರಿ

ಟೆಲಿಗ್ರಾಮ್‌ನಲ್ಲಿ 'ಬಾಟ್‌ಫಾದರ್' ಎಂಬ ಅಧಿಕೃತ ಖಾತೆಯನ್ನು ಹುಡುಕಿ, ಹೊಸ ಬಾಟ್ ಬೇಕೆಂಬ ಆಜ್ಞೆ ಕೊಡಿ. ಅದು ಕೇಳುವ ಯೂಸರ್‌ನೇಮ್ 'ಬಾಟ್' ಎಂದೇ ಮುಗಿಯಬೇಕು. ಕೊನೆಗೊಂದು ಉದ್ದನೆಯ ಟೋಕನ್ ಸಿಗುತ್ತದೆ. ಅದು ಯಾರ ಕೈಗೆ ಸಿಕ್ಕರೂ ಬಾಟ್ ಅವರದೇ, ಹಾಗಾಗಿ ಕೋಡ್‌ನೊಳಗೆ ಎಲ್ಲೂ ಬರೆಯಬೇಡಿ. ಸೋರಿದರೆ ಬಾಟ್‌ಫಾದರ್ ಬಳಿಯೇ ರದ್ದು ಮಾಡಿಸಿ ಹೊಸದನ್ನು ಪಡೆಯಬಹುದು.

ಬಾಟನ್ನು ತಂಡದ ಗುಂಪಿಗೆ ಸೇರಿಸಿ. ಗುಂಪಿನ ಐಡಿ ತಿಳಿಯಲು, ಅಲ್ಲಿ ಬಾಟ್‌ನ ಹೆಸರು ಸೇರಿಸಿ 'ಸ್ಟಾರ್ಟ್' ಆಜ್ಞೆ ಕಳಿಸಿ. ಮಾಮೂಲಿ ಮಾತುಕತೆ ಬಾಟ್‌ಗೆ ಕಾಣಿಸದು, ಅದಕ್ಕೇ ಆಜ್ಞೆ ಬೇಕು. ನಂತರ ಟೆಲಿಗ್ರಾಮ್‌ನ ಬಾಟ್ ಎಪಿಐನಲ್ಲಿ 'ಗೆಟ್‌ಅಪ್‌ಡೇಟ್ಸ್' ವಿಳಾಸವನ್ನು ನಿಮ್ಮ ಟೋಕನ್ ಸಮೇತ ಬ್ರೌಸರ್‌ನಲ್ಲಿ ತೆರೆದರೆ, ಮೈನಸ್ ಚಿಹ್ನೆಯಿಂದ ಶುರುವಾಗುವ ಸಂಖ್ಯೆ ಸಿಗುತ್ತದೆ. ಬರೆದುಕೊಳ್ಳುವಾಗ ಆ ಮೈನಸ್ ಬಿಡಬೇಡಿ. ಸಾಮಾನ್ಯ ಗುಂಪು ಮುಂದೆ ಸೂಪರ್‌ಗ್ರೂಪ್ ಆದರೆ ಐಡಿ ಬದಲಾಗುತ್ತದೆ. ಚೆನ್ನಾಗಿ ನಡೆಯುತ್ತಿದ್ದ ಬಾಟ್ ಇದ್ದಕ್ಕಿದ್ದಂತೆ ಮೂಕವಾದರೆ ಮೊದಲು ಇದನ್ನೇ ನೋಡಿ.

ಟೋಕನ್, ಐಡಿ ಎರಡನ್ನೂ ರೆಪೊಸಿಟರಿಯ ಸೆಟ್ಟಿಂಗ್ಸ್‌ನಲ್ಲಿ 'ಸೀಕ್ರೆಟ್ಸ್ ಆ್ಯಂಡ್ ವೇರಿಯಬಲ್ಸ್' ಕೆಳಗಿನ ಆ್ಯಕ್ಷನ್ಸ್ ಪುಟದಲ್ಲಿ ಸೀಕ್ರೆಟ್‌ಗಳಾಗಿ ಉಳಿಸಿ.

ಸುದ್ದಿಗೆ ಬೇರೆಯದೇ ವರ್ಕ್‌ಫ್ಲೋ

ಹೆಚ್ಚಿನವರು ಬಿಲ್ಡ್ ಕಡತದ ಕೊನೆಗೇ ಸಂದೇಶದ ಹೆಜ್ಜೆಯನ್ನು ಅಂಟಿಸುತ್ತಾರೆ. ಮುಕ್ತ ಪ್ರಾಜೆಕ್ಟ್‌ನಲ್ಲಿ ಇದು ಎಡವುತ್ತದೆ. ಹೊರಗಿನವರು ತಮ್ಮ ಫೋರ್ಕ್‌ನಿಂದ ಕಳಿಸಿದ ಪುಲ್ ರಿಕ್ವೆಸ್ಟ್‌ಗೆ ನಿಮ್ಮ ಸೀಕ್ರೆಟ್‌ಗಳು ಸಿಗುವುದಿಲ್ಲ, ಸಿಗಲೂ ಬಾರದು. ಟೋಕನ್ ಇಲ್ಲದೆ ಆ ಹೆಜ್ಜೆ ಕೆಟ್ಟು, ಒಳ್ಳೆಯ ಕೋಡ್‌ಗೂ ಕೆಂಪು ಗುರುತು ಬೀಳಬಹುದು. ಮೊದಲ ಸಲ ಕೋಡ್ ಕೊಟ್ಟವರನ್ನು ಓಡಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಆದ್ದರಿಂದ ವರ್ಕ್‌ಫ್ಲೋಸ್ ಫೋಲ್ಡರ್‌ನಲ್ಲಿ ಎರಡನೆಯ ಯಾಮೆಲ್ ಕಡತ ಮಾಡಿ. ಅದಕ್ಕೆ 'ವರ್ಕ್‌ಫ್ಲೋ ರನ್' ಎಂಬ ಟ್ರಿಗರ್ ಕೊಟ್ಟು, ನಿಮ್ಮ ಬಿಲ್ಡ್ ವರ್ಕ್‌ಫ್ಲೋ ಮುಗಿದಾಗ ಓಡಲಿ ಎಂದು ಬರೆಯಿರಿ. ಕಡತ ಮುಖ್ಯ ಶಾಖೆಯಲ್ಲಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. 'ಮೇನ್' ಶಾಖೆ ಎಂಬ ಷರತ್ತಷ್ಟೇ ಹಾಕಿದರೆ ಸಾಲದು, ಬೇರೆಯವರ ಫೋರ್ಕ್‌ನ ಶಾಖೆಗೂ ಅದೇ ಹೆಸರಿರಬಹುದು. ಮೂಲ ಬಿಲ್ಡ್ ಪುಶ್‌ನಿಂದ ಶುರುವಾದದ್ದೇ ಎಂಬ ಷರತ್ತನ್ನೂ ಸೇರಿಸಿ. ಈ ವರ್ಕ್‌ಫ್ಲೋಗೆ ಸೀಕ್ರೆಟ್‌ಗಳು ತೆರೆದಿರುತ್ತವೆ, ಹಾಗಾಗಿ ಇದರೊಳಗೆ ಹೊರಗಿನವರ ಕೋಡನ್ನು ಚೆಕ್‌ಔಟ್ ಮಾಡಬೇಡಿ.

ಸ್ಥಿತಿ ಬದಲಾಗಿದೆಯೇ ಎಂದು ನೋಡಲು ಗಿಟ್‌ಹಬ್‌ನ ಕಮಾಂಡ್ ಲೈನ್ ಉಪಕರಣ ಆ್ಯಕ್ಷನ್ಸ್ ಯಂತ್ರಗಳಲ್ಲಿ ಮೊದಲೇ ಇದೆ. ಮುಖ್ಯ ಶಾಖೆಗೆ ಪುಶ್ ಆಗಿ ಮುಗಿದ ಕೊನೆಯ ಎರಡು ಬಿಲ್ಡ್‌ಗಳ ಫಲಿತಾಂಶವನ್ನು ಅದರಿಂದ ತರಿಸಿ. ಎರಡೂ ಒಂದೇ ಆಗಿದ್ದರೆ ಸುಮ್ಮನಿರಿ, ಬೇರೆಯಿದ್ದರೆ ಸಂದೇಶ ಕಳಿಸಿ. ನಡುವೆ ರದ್ದಾದ ಬಿಲ್ಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇದಕ್ಕೆ ಆ್ಯಕ್ಷನ್ಸ್ ಮಾಹಿತಿಯನ್ನು ಓದುವ ಅನುಮತಿಯಷ್ಟೇ ಸಾಕು, ಬರೆಯುವ ಅನುಮತಿ ಕೊಡಬೇಡಿ.

ಸಂದೇಶ ಕಳಿಸಲು 'ಕರ್ಲ್' ಸಾಕು. ಶಾಖೆ, ಕಮಿಟ್‌ನ ಮೊದಲ ಸಾಲು, ಬರೆದವರ ಹೆಸರು, ಲಾಗ್‌ನ ಕೊಂಡಿ, ಇಷ್ಟಿರಲಿ. ಕೊಂಡಿಯಿಲ್ಲದ ಸಂದೇಶ ಬರೀ ಗಾಬರಿ ಹುಟ್ಟಿಸುತ್ತದೆ. ಕಮಿಟ್ ಸಾಲನ್ನು ಶೆಲ್ ಆಜ್ಞೆಯೊಳಗೆ ನೇರವಾಗಿ ತುಂಬಬೇಡಿ. ಅದರಲ್ಲಿ ಕಿಡಿಗೇಡಿ ಆಜ್ಞೆ ಅಡಗಿದ್ದರೆ ನಿಮ್ಮ ಟೋಕನ್ ಇರುವ ಜಾಗದಲ್ಲೇ ಓಡುತ್ತದೆ. ಎನ್‌ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಕೊಡಿ. ಕನ್ನಡದಲ್ಲಿ ಬರೆದ ಸಂದೇಶ ಕೆಡದಂತೆ ಕರ್ಲ್‌ನ ಯುಆರ್‌ಎಲ್-ಎನ್‌ಕೋಡ್ ಆಯ್ಕೆ ಬಳಸಿ. ಮಾರ್ಕ್‌ಡೌನ್ ಅಲಂಕಾರದ ಗೋಜಿಗೆ ಹೋಗಬೇಡಿ: ಫಂಕ್ಷನ್ ಹೆಸರಿನ ಒಂದು ಅಂಡರ್‌ಸ್ಕೋರ್ ಸಾಕು, ಟೆಲಿಗ್ರಾಮ್ ಇಡೀ ಸಂದೇಶವನ್ನೇ ತಿರಸ್ಕರಿಸಬಹುದು. ಹಾಗೆ ತಿರಸ್ಕರಿಸಿದರೂ ಕರ್ಲ್ ಸುಮ್ಮನೆ 'ಯಶಸ್ವಿ' ಎಂದುಬಿಡುತ್ತದೆ. 'ಫೇಲ್' ಆಯ್ಕೆ ಸೇರಿಸಿದರೆ ಮಾತ್ರ ತಪ್ಪು ಬಯಲಾಗುತ್ತದೆ.

ಎಲ್ಲ ಮುಗಿದ ಮೇಲೆ ತಂಡಕ್ಕೆ ಹೇಳಿ, ಬೇಕೆಂದೇ ಒಂದು ಪರೀಕ್ಷೆ ಕೆಡಿಸಿ ಪುಶ್ ಮಾಡಿ. ಸಂದೇಶ ಬರಬೇಕು. ಹಾಗೇ ಬಿಟ್ಟು ಇನ್ನೊಂದು ಪುಶ್ ಮಾಡಿ, ಬರಬಾರದು. ಸರಿಪಡಿಸಿದಾಗ ಮತ್ತೆ ಬರಬೇಕು.

ರಾತ್ರಿ ಬಿಲ್ಡ್ ಇಡುವವರಿಗೆ ಎರಡು ಮಾತು. ಆ್ಯಕ್ಷನ್ಸ್‌ನಲ್ಲಿ ವೇಳೆಯನ್ನು ಯುಟಿಸಿಯಲ್ಲಿ ಬರೆಯುವುದೇ ವಾಡಿಕೆ, ನಮ್ಮ ನಸುಕಿನ 2 ಗಂಟೆ ಎಂದರೆ ಹಿಂದಿನ ದಿನದ 20:30. 60 ದಿನ ರೆಪೊಸಿಟರಿಯಲ್ಲಿ ಚಟುವಟಿಕೆ ಇಲ್ಲದಿದ್ದರೆ ಇಂಥ ಬಿಲ್ಡ್ ತಾನಾಗಿ ನಿಂತುಹೋಗುತ್ತದೆ. ಮೇಲೆ ಹಾಕಿದ ಪುಶ್ ಷರತ್ತಿನಿಂದಾಗಿ ರಾತ್ರಿ ಬಿಲ್ಡ್‌ಗೆ ಬಾಟ್ ಕೂಗುವುದೂ ಇಲ್ಲ. ಆ್ಯಕ್ಷನ್ಸ್ ಪುಟಕ್ಕೆ ಹೋಗಿ ಕೈಯಾರೆ ಮತ್ತೆ ಚಾಲೂ ಮಾಡಬೇಕು.