ಕೆಂಚ ಕೂಗದ ಬೆಳಗು

2025ರ ಮಾರ್ಚ್ ಕೊನೆಯ ವಾರ. ಬೆಳಗಿನ ಜಾವ ಕರೆಂಟು ಹೋಯಿತು. ನಮ್ಮ ಮನೆಯ ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮ್ ಇವೆ. ದೊಡ್ಡಬಳ್ಳಾಪುರದ ಎಷ್ಟೋ ಮನೆಗಳ ಹಾಗೆ ನಮ್ಮದೂ ಮಗ್ಗದ ಸದ್ದಿನಲ್ಲೇ ಮಲಗಿ ಅದೇ ಸದ್ದಿನಲ್ಲಿ ಏಳುವ ಮನೆ. ಆ ಸದ್ದು ನಿಂತ ಮೇಲೆ ಹಿತ್ತಿಲು ತೀರಾ ಮೌನವಾಗಿದೆ ಅನ್ನಿಸಿತು. ಐದು ಗಂಟೆಯಾದರೂ ಕೆಂಚ ಕೂಗಿರಲಿಲ್ಲ. ನೆನ್ನೆ ಕೂಗಿದ್ದನೇ, ಮೊನ್ನೆ ಕೂಗಿದ್ದನೇ ಎಂದು ನೆನಪು ಮಾಡಿಕೊಂಡರೆ ನನಗೆ ಗೊತ್ತೇ ಇರಲಿಲ್ಲ.

ಕೆಂಚ ನಮ್ಮ ಹುಂಜ. ಮೂರು ವರ್ಷದವನು. ನಾಟಿ ಹೇಂಟೆಗೆ ಹೆಬ್ಬಾಳದ ಗಿರಿರಾಜ ತಳಿ ಬೆರೆತು ಹುಟ್ಟಿದ್ದು, ಅದಕ್ಕೇ ಆ ಮೈಕಟ್ಟು. ಟಾರ್ಚು ಹಿಡಿದು ಹೋಗಿ ಮಂಕರಿ ಎತ್ತಿದೆ. ಎದ್ದ, ಕಾಲು ಅಗಲಿಸಿ ನಿಂತ, ಎರಡು ಹೆಜ್ಜೆ ತೂರಾಡಿ ಹಾಗೇ ಹಿಂದಕ್ಕೆ ಕೂತುಬಿಟ್ಟ. ಕಣ್ಣು ಅರ್ಧ ಮುಚ್ಚಿತ್ತು. ಜುಟ್ಟಿನ ಕೆಂಪು ಮಾಸಿ ತುದಿ ನೀಲಿಗಟ್ಟಿತ್ತು. ಹಿಂದಿನ ರಾತ್ರಿ ಹಾಕಿದ ಅನ್ನ ಒಣಗಿ ಹಾಗೇ ಬಿದ್ದಿತ್ತು.

ಬೆಳಗಾದ ಮೇಲೆ ಪಕ್ಕದ ಮನೆಯಾಕೆ ಬಂದು ನೋಡಿ, "ತೂಗ್ತಾ ಐತೆ ಕಣಕ್ಕ, ಉಸಿರು ಹೋಗೋಕೆ ಮುಂಚೆ ಕೊಯ್ಸಿಬಿಡು. ಸತ್ರೆ ಯಾತಕ್ಕೂ ಬರಲ್ಲ" ಅಂದಳು. ಇದು ನಮ್ಮ ಕಡೆ ತಲೆತಲಾಂತರದ ಮಾತು. ತೂಕಡಿಸುವ ಕೋಳಿಗೆ ಔಷಧವೆಂದರೆ ಕತ್ತಿ. ಆದರೆ ಕಾಯಿಲೆ ಯಾವುದೆಂದು ಗೊತ್ತಿಲ್ಲದ ಕೋಳಿಯ ರಕ್ತದಲ್ಲಿ ಕೈಯಾಡಿಸಿ, ಕರುಳನ್ನು ತಿಪ್ಪೆಗೆಸೆದರೆ ಬರಿ ಒಂದು ಕೋಳಿಯ ಸಾವಿನಲ್ಲಿ ವಿಷಯ ಮುಗಿಯುವುದಿಲ್ಲ. ಆ ತಿಂಗಳಂತೂ ಅದು ಖಂಡಿತ ಕೂಡದಾಗಿತ್ತು. ಫೆಬ್ರವರಿ ಕೊನೆಯಲ್ಲಿ ಪಕ್ಕದ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಖಚಿತವಾಗಿ, ಅಲ್ಲಿನ ಕೋಳಿಗಳನ್ನು ಕೊಂದು ಹೂತಿದ್ದರು. ನಮ್ಮ ಊರಲ್ಲಿ ಕೋಳಿ ಸೀನಿದರೂ ಜನ ಹೆದರುತ್ತಿದ್ದರು.

ನಾನೂ ಹೆದರಿದ್ದೆ. ಹೆದರಿಕೆಯಲ್ಲಿ ಮೊದಲು ಮಾಡಿದ್ದು ತಪ್ಪು ಕೆಲಸ. ಮನೆಯಲ್ಲಿ ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಯನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ ಕೊಕ್ಕಿಗೆ ಹಾಕಿದೆ. ಅರ್ಧ ದಿನ ಕಾದೆ. ಮಧ್ಯಾಹ್ನದ ಹೊತ್ತಿಗೆ ಅವನು ಮೊಣಕಾಲ ಮೇಲೆ ಕೂತು ಕತ್ತನ್ನು ಬೆನ್ನ ಕಡೆಗೆ ಎಳೆದುಕೊಳ್ಳಲು ಶುರುಮಾಡಿದ್ದ. ಆಮೇಲೆ ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದೆ. ಬೆಳಗ್ಗೆಯೇ ಮಾಡಬೇಕಿತ್ತು.

ಅವರು ಔಷಧದ ಹೆಸರು ಹೇಳಲಿಲ್ಲ, ಪ್ರಶ್ನೆ ಕೇಳಿದರು. ಎಷ್ಟು ಕೋಳಿಗೆ ಹೀಗಾಗಿದೆ? ಹಿಕ್ಕೆ ಯಾವ ಬಣ್ಣ? ಬಾಯಿ ತೆರೆದು ಉಸಿರಾಡುತ್ತಿದೆಯಾ? ಲಸಿಕೆ ಹಾಕಿಸಿದ್ದೀರಾ? ಕೊನೆಗೆ, "ಒಂದು ತಿಂಗಳಿಂದ ಅದರ ಬದುಕಿನಲ್ಲಿ ಏನು ಬದಲಾಗಿದೆಯಮ್ಮ?" ಎಂದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಕೋಳಿಯನ್ನು ಪೂರ್ತಿ ಮುಟ್ಟಿ ನೋಡಿ ಮತ್ತೆ ಫೋನು ಮಾಡಲು ಹೇಳಿದರು.

ಮೂರು ವರ್ಷ ಸಾಕಿದ ಹುಂಜವನ್ನು ನಾನು ಸರಿಯಾಗಿ ಮುಟ್ಟಿ ನೋಡಿದ್ದು ಅವತ್ತೇ. ರೇಷ್ಮೆ ನೂಲು ತೂಗುವ ತಕ್ಕಡಿಯಲ್ಲಿ ಕೂರಿಸಿದೆ. ಸಂಕ್ರಾಂತಿ ಹೊತ್ತಿಗೆ 2 ಕಿಲೋ 800 ಗ್ರಾಂ ಇದ್ದವನು 2 ಕಿಲೋ 100ಕ್ಕೆ ಇಳಿದಿದ್ದ. ಗರಿಯ ದಪ್ಪದಲ್ಲಿ ಕಣ್ಣಿಗೆ ಕಾಣದೆ ಇದ್ದದ್ದು ಕೈಗೆ ಸಿಕ್ಕಿತು: ಎದೆಮೂಳೆ ಚಾಕುವಿನ ಅಂಚಿನ ಹಾಗೆ ಎದ್ದಿತ್ತು. ಕತ್ತಿನ ಬುಡದ ಕಾಳಿನ ಚೀಲ ಖಾಲಿ. ರೆಕ್ಕೆಯಡಿ, ಬಾಲದಡಿ ಹೇನಿಲ್ಲ. ಅಂಗಾಲಿನಲ್ಲಿ ಗಾಯವಿಲ್ಲ, ಬಾವಿಲ್ಲ. ಮೂಗು, ಕಣ್ಣು ಒಣಗಿದ್ದವು, ಉಸಿರು ಸಲೀಸಾಗಿತ್ತು.

ಇಷ್ಟು ಹೇಳಿದ ಮೇಲೆ ಡಾಕ್ಟರು ಒಂದೊಂದೇ ಕಾಯಿಲೆಯನ್ನು ಬದಿಗಿಟ್ಟರು. ಹಕ್ಕಿಜ್ವರವಾಗಿದ್ದರೆ ಹೀಗೆ ಒಂದೇ ಕೋಳಿ ಕುಗ್ಗುತ್ತಾ ಕೂರುವುದಿಲ್ಲ, ಹಿಂಡೇ ಬೀಳುತ್ತದೆ. ಕೊಕ್ಕರೆ ರೋಗದಲ್ಲಿ, ಅಂದರೆ ರಾಣಿಖೇತ್‌ನಲ್ಲಿ, ಕತ್ತು ತಿರುಚಿಕೊಳ್ಳುವುದು ಹೌದು. ಆದರೆ ಅದರ ಜೊತೆ ಹಸಿರು ಭೇದಿ, ಗೊರಗೊರ ಉಸಿರು ಇರುತ್ತದೆ, ಪಕ್ಕದ ಕೋಳಿಗೂ ಹತ್ತುತ್ತದೆ. ಮೇಲಾಗಿ ನಮ್ಮ ಬೀದಿಯವರೆಲ್ಲ ಸೇರಿ ನವೆಂಬರಿನಲ್ಲಿ ಆರ್‌2ಬಿ ಲಸಿಕೆ ಹಾಕಿಸಿದ್ದೆವು. ಸೀಸೆಯ ಪುಡಿಗೆ ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಹಾಕಿ ಮುಗಿಸಬೇಕು. ಹತ್ತು ಮನೆಯ ಕೋಳಿ ಒಂದೆಡೆ ಸೇರದಿದ್ದರೆ ಲಸಿಕೆ ದಂಡ. ಈ ಕೆಲಸಕ್ಕೆ ಮನೆಮನೆ ಅಲೆದದ್ದು ಸಾರ್ಥಕ ಅನ್ನಿಸಿತು.

ಮಾರೆಕ್ಸ್ ರೋಗದಲ್ಲಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬೀಳುವುದು ಹೆಚ್ಚು, ಅದೂ ಸಾಮಾನ್ಯವಾಗಿ ಕೆಲವೇ ತಿಂಗಳ ಮರಿಗಳಲ್ಲಿ. ಕೊಳೆತ ಹೆಣದ ಹುಳು ತಿಂದು ಬರುವ ಬಾಟುಲಿಸಮ್‌ನಲ್ಲಿ ಕತ್ತು ಬಟ್ಟೆಯ ಹಾಗೆ ಜೋತುಬೀಳುತ್ತದೆ. ಇವನ ಕತ್ತು ಹಿಂದಕ್ಕೆ ಬಿಗಿದಿತ್ತು. ನನ್ನ ಮನಸ್ಸಿನಲ್ಲಿ ಇದ್ದದ್ದು ಇನ್ನೊಂದು: ನಮ್ಮ ಬೇಲಿಯಾಚೆ ದ್ರಾಕ್ಷಿ ತೋಟ, ಅಲ್ಲಿ ಔಷಧ ಹೊಡೆಯುತ್ತಾರೆ. ಕೀಟನಾಶಕ ತಗುಲಿದರೂ ಕೋಳಿ ಹೀಗೇ ತೂರಾಡುತ್ತದೆ. "ತೋಟಕ್ಕೆ ಹೋಗಿತ್ತಾ?" ಎಂದು ಡಾಕ್ಟರು ಕೇಳಿದರು. ಇಲ್ಲ ಅಂದೆ. ಹೋಗುವುದು ಹೇಗೆ, ನಾನೇ ಮುಚ್ಚಿಹಾಕಿದ್ದೆನಲ್ಲ.

ಆ ಮಾತು ಬಾಯಿಂದ ಬಂದಾಗಲೇ ನನಗೆ ಹೊಳೆಯಿತು. ವರದಹಳ್ಳಿಯ ಸುದ್ದಿ ಬಂದ ದಿನದಿಂದ ಕೋಳಿಗಳನ್ನು ಹೊರಗೆ ಬಿಟ್ಟಿರಲಿಲ್ಲ. ಆರು ಹೇಂಟೆಗಳು ಹಳೆಯ ದನದ ಕೊಟ್ಟಿಗೆಯಲ್ಲಿದ್ದವು. ಅಲ್ಲಿ ರಾಗಿ ಹುಲ್ಲಿದೆ, ಕೆದಕಿದರೆ ಕಾಳು, ಹುಳು ಸಿಗುತ್ತವೆ. ಕೆಂಚ ಗೋಡೆ ಹಾರುತ್ತಾನೆಂದು ಅವನೊಬ್ಬನನ್ನು ಕಲ್ಲು ಹಾಸಿನ ಮೇಲೆ ಮಂಕರಿಯಡಿ ಇಟ್ಟಿದ್ದೆ. ಮಗ್ಗದ ಕೆಲಸದವರಿಗೆ ಮಾಡಿದ ಅನ್ನದಲ್ಲಿ ಉಳಿದದ್ದನ್ನು ದಿನವೂ ಎರಡು ಹೊತ್ತು ಸುರಿಯುತ್ತಿದ್ದೆ. ನಾಲ್ಕು ಸಲ ತೊಳೆದು, ಗಂಜಿ ಬಸಿದ ಬಿಳಿ ಅನ್ನ. ಇಪ್ಪತ್ತೈದು ದಿನ ಅವನು ತಿಂದದ್ದು ಅದೊಂದೇ. ಹೊಟ್ಟೆ ತುಂಬಿಸುತ್ತಿದ್ದೇನೆ ಎಂದೇ ನಂಬಿದ್ದೆ.

"ಬಿ1 ಇಲ್ಲದೆ ನರ ಸೋತಿರಬೇಕು, ತಗೊಂಡು ಬನ್ನಿ" ಅಂದರು ಡಾಕ್ಟರು. ಥಯಾಮಿನ್ ಎನ್ನುವ ಈ ಜೀವಸತ್ವ ಅಕ್ಕಿಯ ತೌಡಿನಲ್ಲಿದೆ, ಮೊಳಕೆಯ ಮೂತಿಯಲ್ಲಿದೆ. ಪಾಲಿಷ್ ಮಾಡಿದಾಗ ಎರಡೂ ಹೋಗುತ್ತವೆ. ಉಳಿದ ಚೂರುಪಾರು ತೊಳೆದ ನೀರು, ಬಸಿದ ಗಂಜಿಯ ಪಾಲು. ಪಿಷ್ಟವನ್ನು ಶಕ್ತಿ ಮಾಡಿಕೊಳ್ಳಲು ನರಗಳಿಗೆ ಇದು ಬೇಕೇ ಬೇಕು. ಹಾಗಾಗಿ ಬರಿ ಅನ್ನ ತಿಂದಷ್ಟೂ ಕೊರತೆ ಹೆಚ್ಚುತ್ತದೆ. ಸಾರವರ್ಧಿತ ಅಕ್ಕಿಗೂ ಕಡ್ಡಾಯವಾಗಿ ಸೇರಿಸುವುದು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಮಾತ್ರ, ಬಿ1 ಅಲ್ಲ. ರಾಗಿಯನ್ನು ನಾವು ಸಿಪ್ಪೆ ಸಮೇತ ಬೀಸುತ್ತೇವೆ; ಬಿಳಿ ಅಕ್ಕಿಗಿಂತ ಅದರಲ್ಲಿ ಥಯಾಮಿನ್ ಸುಮಾರು 7 ಪಟ್ಟು ಹೆಚ್ಚು.

ಆಮೇಲೆ ಓದುತ್ತಾ ಹೋದಾಗ ತಿಳಿಯಿತು, ಈ ಸತ್ಯವನ್ನು ಜಗತ್ತಿಗೆ ತೋರಿಸಿದ್ದೂ ಕೋಳಿಗಳೇ. ಜಾವಾ ದ್ವೀಪದ ಬಟಾವಿಯಾದಲ್ಲಿ, ಈಗಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಬೆರಿಬೆರಿ ರೋಗಕ್ಕೆ ಕ್ರಿಮಿ ಹುಡುಕುತ್ತಿದ್ದ. ಪ್ರಯೋಗಶಾಲೆಯ ಕೋಳಿಗಳು ಇದ್ದಕ್ಕಿದ್ದಂತೆ ತೂರಾಡಿ ಬೀಳತೊಡಗಿದವು, ಕೆಲವು ತಿಂಗಳ ನಂತರ ತಾವಾಗಿಯೇ ಗುಣವಾದವು. ವಿಚಾರಿಸಿದರೆ, ನಡುವಿನ ಆ ತಿಂಗಳುಗಳಲ್ಲಿ ಅವಕ್ಕೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನ ಕೋಳಿಗೆ ಕೊಡಲಾರೆ ಎಂದಿದ್ದ. ಅಲ್ಲಿಂದ ಅವು ಚೇತರಿಸಿಕೊಂಡಿದ್ದವು. ಐಕ್‌ಮನ್ ಅನ್ನದಲ್ಲೇ ಏನೋ ವಿಷವಿದೆ ಅಂದುಕೊಂಡ. ಅನ್ನದಲ್ಲಿ ಏನೋ ಇಲ್ಲ ಎಂದು 1901ರಲ್ಲಿ ಸರಿಯಾಗಿ ಹೇಳಿದವನು ಅವನ ನಂತರ ಬಂದ ಗೆರಿಟ್ ಗ್ರೈನ್ಸ್. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಸಿಕ್ಕಿತು. ನಾನು ಆ ಕಥೆಯನ್ನು ಎರಡು ಸಲ ಓದಿದೆ. ಉಳಿದ ಅನ್ನ, ತೂರಾಡುವ ಕೋಳಿ. ನೂರಮೂವತ್ತು ವರ್ಷದ ಹಿಂದಿನದು ಎನ್ನಿಸಲೇ ಇಲ್ಲ.

ಅವತ್ತು ಕೆಂಚನನ್ನು ಆಸ್ಪತ್ರೆಗೆ ಕೊಂಡೊಯ್ದಾಗ ಡಾಕ್ಟರು ಎದೆಯ ಮಾಂಸಕ್ಕೆ ಬಿ1 ಇಂಜೆಕ್ಷನ್ ಕೊಟ್ಟರು, ಐದು ದಿನಕ್ಕೆ ತೂಕ ನೋಡಿ ಹನಿ ಬರೆದುಕೊಟ್ಟರು. ಮೇವು ಬದಲಿಸಿದರೆ ಸಾಲದೇ ಎಂದು ಕೇಳಿದೆ. "ಈ ಸ್ಥಿತೀಲಿ ಅದು ತಿನ್ನೋದೇ ಇಲ್ಲ. ತಿನ್ನೋ ಆಸೆ ಬರೋಕೂ ಬಿ1 ಬೇಕು" ಅಂದರು. ರಾತ್ರಿ ಎಂಟರ ಹೊತ್ತಿಗೆ ಕತ್ತು ನೆಟ್ಟಗಾಯಿತು. ಮಾರನೆಯ ಬೆಳಗ್ಗೆ ಗೋಡೆಗೆ ಒರಗಿಕೊಂಡು ನಿಂತ. ಮೂರನೆಯ ದಿನ ನನ್ನ ಅಂಗೈಯಿಂದ ರಾಗಿ ಹೆಕ್ಕಿದ. ಆ ಕೊಕ್ಕಿನ ಪೆಟ್ಟು ಅಂಗೈಗೆ ತಾಗಿದಾಗ ನನಗೆ ಅಳು ಬಂತು. ರಕ್ತಪರೀಕ್ಷೆ ಏನೂ ಮಾಡಿಸಲಿಲ್ಲ. ಅವನು ಎದ್ದು ನಿಂತದ್ದೇ ನಮಗೆ ಸಿಕ್ಕ ರಿಪೋರ್ಟು.

ನಮ್ಮ ಅತ್ತೆಗೆ ಇದನ್ನೆಲ್ಲ ವಿವರಿಸಿದೆ. ಅವರು ಆಶ್ಚರ್ಯಪಡಲಿಲ್ಲ. ಅವರ ಕಾಲದಲ್ಲಿ ಭತ್ತ ಮನೆಯಲ್ಲೇ ಕುಟ್ಟುತ್ತಿದ್ದರಂತೆ, ಕೇರಿದ ತೌಡು ಕೋಳಿಗೆ, ಅಕ್ಕಿ ಹಬ್ಬಕ್ಕೆ, ಉಳಿದ ದಿನ ಮುದ್ದೆ. "ಕೋಳಿಗೆ ಬರೀ ಅನ್ನ ಹಾಕೋ ಅಷ್ಟು ಅನ್ನ ಎಲ್ಲಿತ್ತವ್ವ ನಮಗೆ" ಅಂದರು.

ಈಗ ಅನ್ನ ಉಳಿದರೆ ಅದಕ್ಕೆ ರಾಗಿ, ಗಿರಣಿಯಿಂದ ತಂದ ತೌಡು, ಸೊಪ್ಪಿನ ಕಡ್ಡಿ ಬೆರೆಸಿ ಹಾಕುತ್ತೇನೆ. ತೌಡನ್ನು ವಾರಕ್ಕೆ ಆಗುವಷ್ಟೇ ತರುತ್ತೇನೆ, ಮುಗ್ಗಿದರೆ ಎಸೆಯುತ್ತೇನೆ. ಬೂಷ್ಟು ಹಿಡಿದ ಮೇವು ಬೇರೆಯದೇ ವಿಷ. ತಿಂಗಳಿಗೊಮ್ಮೆ ನೂಲಿನ ತಕ್ಕಡಿಯಲ್ಲಿ ಎಲ್ಲ ಏಳನ್ನೂ ತೂಗಿ, ಮಗ್ಗದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತೇನೆ. ಕೆಂಚ ಮತ್ತೆ 2 ಕಿಲೋ 600 ಮುಟ್ಟಿದ್ದಾನೆ. ಎಡಗಾಲನ್ನು ಇನ್ನೂ ತುಸು ಎಳೆಯುತ್ತಾನೆ, ಗೋಡೆ ಹಾರುವುದಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಮಗ್ಗವನ್ನು ಒಂದು ನಿಮಿಷ ನಿಲ್ಲಿಸಿ ಕಿವಿಗೊಡುತ್ತೇನೆ. ಅವನು ಕೂಗಿದ ಮೇಲೆ ಮತ್ತೆ ಸ್ವಿಚ್ಚು ಹಾಕುತ್ತೇನೆ.