ಡೈರಿಯಲ್ಲಿ ಯಾರ ಸಹಿ?

ಮಗಳೇ,

ಮೊನ್ನೆ ಗೃಹಪ್ರವೇಶದ ಗದ್ದಲದಲ್ಲಿ ನನ್ನನ್ನು ಹಿತ್ತಲಿಗೆ ಕರೆದು ಕೇಳಿದೆಯಲ್ಲ, "ದೊಡ್ಡಪ್ಪ, ಮಗುವಿನ ಅಪ್ಪನಿಗೆ ಅದರ ಮೇಲೆ ಯಾವ ಹಕ್ಕೂ ಉಳಿಯಬಾರದು, ಅದಕ್ಕೆ ಏನೇನು ಕಾಗದ ಬೇಕು" ಅಂತ. ಆಗ ಹೇಳಲಾಗಲಿಲ್ಲ. ಕೋರ್ಟಿನ ಕಡತಗಳ ನಡುವೆಯೇ ತಲೆ ನರೆತವನು ನಾನು. ಇದೇ ಪ್ರಶ್ನೆ ಹೊತ್ತು ನನ್ನ ಮೇಜಿನ ಮುಂದೆ ನಿಂತ ಹೆಣ್ಣುಮಕ್ಕಳು ಎಷ್ಟೋ. ಅಂಥವರಿಗೂ ಆದೀತೆಂದು, ನಿನ್ನ ಹೆಸರು ಹಾಕದೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಅಮೆರಿಕದ ಕೋರ್ಟುಗಳಲ್ಲಿರುವಂತೆ ತಂದೆಯ ಹಕ್ಕನ್ನೇ ಪೂರ್ತಿ ರದ್ದು ಮಾಡಿಸುವ ಪ್ರತ್ಯೇಕ ದಾವೆ ನಮ್ಮಲ್ಲಿಲ್ಲ. ಮಗುವನ್ನು ದತ್ತು ಕೊಟ್ಟಾಗ ಹೆತ್ತವರ ಸಂಬಂಧ ಕಾನೂನಿನಲ್ಲಿ ಕಡಿಯುತ್ತದೆ. ನಿನ್ನದು ಆ ದಾರಿಯಲ್ಲ. ನೀನು ಹಾಕಬೇಕಾದ್ದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆ್ಯಕ್ಟಿನ ಕೆಳಗೆ, ಕೌಟುಂಬಿಕ ನ್ಯಾಯಾಲಯದಲ್ಲಿ, ಮಗುವಿನ ಪಾಲನೆ ನಿನಗೇ ಇರಲಿ ಎಂಬ ಅರ್ಜಿ. ಅದು ಗೆದ್ದರೂ ಜೀವನಾಂಶ ಕೊಡುವ ಹೊಣೆ ಅವನ ಹೆಗಲಿನಿಂದ ಇಳಿಯುವುದಿಲ್ಲ. ಇಳಿಯಲೂಬಾರದು ಎಂಬುದು ನನ್ನ ಮಾತು.

1956ರ ಹಿಂದೂ ಪೋಷಕತ್ವದ ಕಾನೂನು ತಂದೆಯನ್ನು ಮೊದಲು ಹೇಳಿ, ತಾಯಿಯನ್ನು ಅವನ "ನಂತರ" ಇಟ್ಟಿದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ ತಂದೆಯ ಸಹಿ ಕೇಳಿದರು. ಆ ತಕರಾರು ಸುಪ್ರೀಂ ಕೋರ್ಟು ತಲುಪಿತು. "ನಂತರ" ಎಂದರೆ ತಂದೆ ಸತ್ತ ಮೇಲೆ ಮಾತ್ರವಲ್ಲ, ಅವನು ಮಗುವಿನ ಗೊಡವೆಗೇ ಬಾರದಿದ್ದಾಗಲೂ ಹೌದು ಎಂದು 1999ರಲ್ಲಿ ತೀರ್ಪಾಯಿತು. ಹೀಗಾಗಿ ಅವನು ಎಂಥ ಮನುಷ್ಯ ಎಂದು ಪುಟಗಟ್ಟಲೆ ಬರೆಸಬೇಡ. ಮಗುವಿನ ದಿನಗಳಲ್ಲಿ ಅವನು ಎಲ್ಲಿದ್ದ, ನೀನು ಎಲ್ಲಿದ್ದೆ ಅನ್ನುವುದನ್ನು ಕಾಗದಗಳೇ ಹೇಳಲಿ.

ಜನನ ಪ್ರಮಾಣಪತ್ರ, ಮದುವೆಯ ದಾಖಲೆ, ಆಧಾರ್ ಎಲ್ಲರೂ ತರುತ್ತಾರೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಮರೆಯಬೇಡ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಆ ಊರಿನ ಕೋರ್ಟಿಗೇ ಅರ್ಜಿ ಹೋಗಬೇಕು, ಅದಕ್ಕೆ ಆ ಒಂದು ಹಾಳೆ ಸಾಕ್ಷಿ. ಆಮೇಲೆ ಶಾಲೆಯ ಡೈರಿ. ನಗಬೇಡ. ಒಮ್ಮೆ ಒಬ್ಬ ತಾಯಿ ಮೂರು ವರ್ಷದ ಡೈರಿಗಳನ್ನು ಬಟ್ಟೆ ಚೀಲದಲ್ಲಿ ತಂದಿದ್ದಳು. "ಜ್ವರ, ರಜೆ ಕೊಡಿ", "ಶುಲ್ಕ ಕಟ್ಟಿದೆ", "ಸಭೆಗೆ ಬಂದಿದ್ದೆ" ಎಂದು ಪುಟಪುಟದಲ್ಲೂ ಒಂದೇ ಅಂಕುಡೊಂಕು ಸಹಿ, ಒಂದೆರಡು ಕಡೆ ಅರಿಸಿನದ ಬೆರಳಚ್ಚು. ಪಾಟಿ ಸವಾಲಿಗೆ ಎದ್ದ ಎದುರು ವಕೀಲರು ಅವನ್ನು ತಿರುವಿ ನೋಡಿ, ಆ ವಿಷಯ ಎತ್ತದೆ ಮುಂದಕ್ಕೆ ಹೋದರು. ತಾಯಿ ಕಾರ್ಡು, ಲಸಿಕೆಯ ಪುಟ, ಡಾಕ್ಟರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು ಎಲ್ಲವೂ ಇದೇ ಜಾತಿಯವು.

ನೀನು ಅವನಿಗೆ ಕಳಿಸಿ ವಾಪಸ್ ಬಂದ ರಿಜಿಸ್ಟರ್ ಲಕೋಟೆ ಇದ್ದರೆ ಒಡೆಯಬೇಡ. ಅಂಚೆಯವರು ಮೇಲೆ ಬರೆದ ಷರಾ, ಮುದ್ರೆ, ತಾರೀಕು ಹಾಗೇ ಇರಲಿ. ದೂರು ಕೊಟ್ಟಿದ್ದರೆ ಪೊಲೀಸರು ಕೊಟ್ಟ ಹಿಂಬರಹವನ್ನೂ ಎತ್ತಿಡು. ಮೂಲ ಪ್ರತಿಗಳಿಗೆ ತೂತು ಹೊಡೆಯಬೇಡ, ಲ್ಯಾಮಿನೇಷನ್ ಬೇಡ; ಎರಡು ಸೆಟ್ ಜೆರಾಕ್ಸ್ ಮಾಡಿಸಿ ತಾರೀಕಿನ ಪ್ರಕಾರ ಜೋಡಿಸು.

ವಾಟ್ಸಾಪಿನದು ದೊಡ್ಡ ತಲೆನೋವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು, ಇಂಥ ಪ್ರಿಂಟುಗಳ ಜೊತೆ ಪ್ರಮಾಣಪತ್ರ ಬೇಕೆನ್ನುತ್ತದೆ. ಕೌಟುಂಬಿಕ ನ್ಯಾಯಾಲಯ ಸಾಕ್ಷ್ಯದ ವಿಷಯದಲ್ಲಿ ಒಂದಿಷ್ಟು ಸಡಿಲ ಬಿಡಬಹುದು, ಆದರೆ ಅದನ್ನೇ ನಂಬಿ ಕೂರಬೇಡ. ಬೇಕಾದ ಸಾಲು ಮಾತ್ರ ಕತ್ತರಿಸಿದ ಚಿತ್ರ ಯಾರೂ ನಂಬುವುದಿಲ್ಲ. ಪೂರ್ತಿ ಸಂಭಾಷಣೆ ತೆಗೆಸು.

ಹಾಂ, ಅವನು ಮಗುವಿನ ಹುಟ್ಟುಹಬ್ಬಕ್ಕೆ ದುಡ್ಡು ಹಾಕಿದ್ದನಲ್ಲ, ಅದರ ಕಾಗದವೂ ಕಡತದಲ್ಲಿರಲಿ. ನಿನಗೆ ಇಷ್ಟವಾಗದು, ಗೊತ್ತು. ನೀನು ಬಚ್ಚಿಟ್ಟದ್ದನ್ನು ಎದುರಿನವರು ತೆಗೆದರೆ ಉಳಿದ ನೂರು ಕಾಗದಕ್ಕೂ ಮೈಲಿಗೆ.

ಮಗುವನ್ನು ಕೂರಿಸಿ "ಅಪ್ಪ ಬೇಡ" ಅಂತ ಹೇಳಿಸಿ ವಿಡಿಯೋ ಮಾಡುವ ಕೆಲಸಕ್ಕೆ ಮಾತ್ರ ಕೈಹಾಕಬೇಡ. ತಿಳಿವಳಿಕೆ ಬಂದ ವಯಸ್ಸಾದರೆ ನ್ಯಾಯಾಧೀಶರೇ ತಮ್ಮ ಕೊಠಡಿಗೆ ಕರೆದು ಮಾತಾಡಿಸಿಯಾರು. ಕಲಿಸಿಕೊಟ್ಟ ಮಾತು ಅವರಿಗೆ ಎರಡನೇ ವಾಕ್ಯಕ್ಕೇ ತಿಳಿಯುತ್ತದೆ.

ಭಾನುವಾರ ಬೆಳಿಗ್ಗೆ ಬಾ, ಜೋಡಿಸೋಣ. ಆ ವಾಟ್ಸಾಪ್ ಸಂದೇಶಗಳಿರುವ, ಒಡೆದ ಗಾಜಿನ ಹಳೇ ಫೋನನ್ನು ಗುಜರಿಗೆ ಹಾಕಿಲ್ಲ ತಾನೇ? ಚಾರ್ಜರ್ ಸಮೇತ ತಾ.

ಇತಿ,
ನಿನ್ನ ದೊಡ್ಡಪ್ಪ