ಅಮೆರಿಕದ ಹಳೆಯ ನೋಟುಗಳು ಕಲಿಸುವ ಪಾಠ

ವಿದ್ಯಾರ್ಥಿಗಳೇ, ಅಂಚೆಚೀಟಿಗಳನ್ನೂ ನಾಣ್ಯಗಳನ್ನೂ ಕೂಡಿಡುವ ಹವ್ಯಾಸವನ್ನು ನೀವು ಬಲ್ಲಿರಿ. ಹಾಗೆಯೇ ಹಳೆಯ ನೋಟುಗಳನ್ನು ಸಂಗ್ರಹಿಸುವವರೂ ಲೋಕದಲ್ಲಿ ಅನೇಕರಿದ್ದಾರೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ನೋಟುಗಳಿಗೆ ಅವರಲ್ಲಿ ವಿಶೇಷ ಆದರವುಂಟು. ಕಾಗದದ ತುಂಡಿಗೆ ಬೆಲೆ ಎಲ್ಲಿಂದ ಬರುತ್ತದೆ, ಏಕೆ ಹೋಗುತ್ತದೆ ಎಂಬ ಪ್ರಶ್ನೆಗೆ ಅವು ಉತ್ತರ ಹೇಳುತ್ತವೆ. ಅದನ್ನು ನಾವಿಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

1775ರಲ್ಲಿ ಬ್ರಿಟಿಷರೊಡನೆ ಯುದ್ಧವು ಮೊದಲಾದಾಗ ಅಮೆರಿಕದ ವಸಾಹತುಗಳ ಕಾಂಗ್ರೆಸ್ಸಿಗೆ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ. ಆದುದರಿಂದ ಅದು ನೋಟುಗಳನ್ನು ಅಚ್ಚುಹಾಕಿಸಿತು. ಬೆಂಜಮಿನ್ ಫ್ರಾಂಕ್ಲಿನ್ನನು ಮೊದಲೇ ಕಂಡುಹಿಡಿದಿದ್ದ ಉಪಾಯದಂತೆ ಅವುಗಳ ಹಿಂಬದಿಯಲ್ಲಿ ನಿಜವಾದ ಎಲೆಗಳ ಅಚ್ಚನ್ನು ಒತ್ತಿದರು. ಎಲೆಯ ನರಗಳ ಜಾಲವನ್ನು ಖೋಟಾಗಾರನು ಕೈಯಿಂದ ಕೆತ್ತುವುದು ಬಹು ಕಷ್ಟ. ಆದರೆ ಸುಮಾರು 24 ಕೋಟಿ ಡಾಲರುಗಳ ನೋಟುಗಳು ಹೊರಬಿದ್ದವು. ಅಷ್ಟಕ್ಕೆ ಕೊಡಲು ಬೆಳ್ಳಿಯಿರಲಿಲ್ಲ. 1780ರಲ್ಲಿ ಕಾಂಗ್ರೆಸ್ಸೇ ಅಂತಹ 40 ಡಾಲರುಗಳಿಗೆ 1 ಬೆಳ್ಳಿ ಡಾಲರೆಂದು ಒಪ್ಪಿತು. 1790ರ ಕಾಯಿದೆಯಲ್ಲಿ ಆ ಪ್ರಮಾಣವು 100ಕ್ಕೆ 1 ಆಯಿತು.

1861ರಲ್ಲಿ ಅಂತರ್ಯುದ್ಧವು ಆರಂಭವಾದಾಗ ಉಭಯ ಪಕ್ಷಗಳೂ ನೋಟು ಹೊರಡಿಸಿದವು. ದಕ್ಷಿಣದವರ ಅನೇಕ ನೋಟುಗಳಲ್ಲಿ, ಉತ್ತರದವರೊಡನೆ ಶಾಂತಿಸಂಧಾನವಾದ ಬಳಿಕ ಹಣ ಸಲ್ಲಿಸುವೆವೆಂಬ ಒಕ್ಕಣೆಯಿತ್ತು. ಅಂತಹ ಸಂಧಾನವು ನಡೆಯಲೇ ಇಲ್ಲ. 1865ರಲ್ಲಿ ದಕ್ಷಿಣವು ಸೋತಿತು; ಅದನ್ನು ನಂಬಿ ನೋಟು ಕೂಡಿಟ್ಟ ಸಂಸಾರಗಳ ಕೈಯಲ್ಲಿ ಬರಿಯ ಕಾಗದವುಳಿಯಿತು. ಉತ್ತರದವರ ನೋಟಿನ ಹಿಂಬದಿ ಹಸುರಾಗಿದ್ದುದರಿಂದ ಜನರು ಅದನ್ನು ‘ಹಸುರು ಬೆನ್ನಿನ ನೋಟು’ ಎಂದು ಕರೆದರು. ಅದಕ್ಕೂ ಚಿನ್ನ ಕೊಡುವುದು ಬಹುಕಾಲ ನಿಂತಿತ್ತು. ಆದರೆ 1879ರ ಜನವರಿ 1ರಿಂದ ಸರಕಾರವು ಚಿನ್ನವನ್ನು ಕೊಟ್ಟು ಮಾತನ್ನು ಉಳಿಸಿಕೊಂಡಿತು. 1861ರ ಆ ನೋಟು ಅದರ ಮೇಲೆ ಬರೆದ ಬೆಲೆಗೆ ಅಲ್ಲಿ ಈಗಲೂ ಸಲ್ಲುತ್ತದೆ.

1896ರ ಒಂದು ಡಾಲರಿನ ನೋಟಂತೂ ಶಾಲೆಗೆ ಒಪ್ಪುವಂತಹುದು. ಇತಿಹಾಸವೆಂಬ ಮಾತೆಯು ಬಾಲಕನೊಬ್ಬನಿಗೆ ರಾಜಧಾನಿ ವಾಷಿಂಗ್ಟನ್ ನಗರವನ್ನು ತೋರಿಸುತ್ತಿದ್ದಾಳೆ. ಪಕ್ಕದಲ್ಲಿ ದೇಶದ ಸಂವಿಧಾನವು ತೆರೆದಿದೆ. ಅಂಚಿನಲ್ಲಿ 23 ಮಂದಿ ಮಹನೀಯರ ಹೆಸರುಗಳಿವೆ. ಅವರಲ್ಲಿ ಲಿಂಕನ್ನನಂತಹ ರಾಷ್ಟ್ರನಾಯಕರಲ್ಲದೆ ಎಮರ್ಸನ್, ಲಾಂಗ್‌ಫೆಲೊ ಮೊದಲಾದ ಸಾಹಿತಿಗಳೂ ತಂತಿವಾರ್ತೆಯ ಮೋರ್ಸನೂ ಇದ್ದಾರೆ.

ಸಂಗ್ರಾಹಕರು ಮೊದಲು ನೋಡುವುದು ನೋಟಿನ ಗಾತ್ರವನ್ನು. 1929ರಲ್ಲಿ ಅಮೆರಿಕದ ನೋಟುಗಳನ್ನು ಚಿಕ್ಕದು ಮಾಡಲಾಯಿತು. ಬಳಿಕ ಮಡಿಕೆ, ಹರಕು, ಕಲೆಗಳನ್ನು ಪರೀಕ್ಷಿಸುತ್ತಾರೆ. ಹಳೆಯ ನೋಟನ್ನು ತೊಳೆಯುವುದಾಗಲಿ, ಇಸ್ತ್ರಿ ಮಾಡುವುದಾಗಲಿ, ಅಂಟುಪಟ್ಟಿ ಹಚ್ಚುವುದಾಗಲಿ ಕೂಡದು. ದಕ್ಷಿಣದವರ ನೋಟುಗಳ ನಕಲುಗಳು ಬಹಳವಿರುವುದರಿಂದ, ಬಲ್ಲವರನ್ನು ಕೇಳದೆ ಕೊಳ್ಳಬಾರದು.

ಈ ಅಭ್ಯಾಸಕ್ಕೆ ಹಣವೇ ಬೇಕೆಂದಿಲ್ಲ. ಪೋಷಕರು ಮನೆಯಲ್ಲಿರುವ ಹತ್ತು ರೂಪಾಯಿಯ ನೋಟೊಂದನ್ನು ಮಕ್ಕಳ ಕೈಗೆ ಕೊಡಲಿ. ಅದರ ಮುಂಬದಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರು ಹಣ ಸಲ್ಲಿಸುವೆನೆಂದು ಕೊಟ್ಟ ವಚನವಿದೆ. ಮಕ್ಕಳೇ, ಅದನ್ನು ಓದಿರಿ. ಬಳಿಕ ನೋಟನ್ನು ತಿರುಗಿಸಿ, ಅಲ್ಲಿನ ಭಾಷೆಗಳ ಸಾಲುಗಳನ್ನು ಎಣಿಸಿರಿ. ಗಡಿನಾಡಿನ ನಮಗೂ ಓದಬರುವಂತೆ ಅದರ ಬೆಲೆಯನ್ನು ಕನ್ನಡದಲ್ಲಿಯೂ ಅಚ್ಚುಮಾಡಿದೆ. ಅದು ಎಷ್ಟನೆಯ ಸಾಲೆಂಬುದನ್ನು ನಾಳೆ ತರಗತಿಯಲ್ಲಿ ಹೇಳಿರಿ.